ಎಸ್ಸೆಸ್ಸೆಲ್ಸಿ ಆದಮೇಲೆ ಮುಂದೇನು? ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳಿಗೆ ನೀವು ಏನು ಹೇಳುತ್ತೀರಿ?

ವಿಜ್ಞಾನದ ಅಕ್ಕೋರು, ಕುಮಟಾ

ಎಲ್ಲರಿಗೂ ನಮಸ್ಕಾರ. ಕುಮಟಾ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ರಿಸಲ್ಟ್ ಬಂದ ವಾರ ಫೋನಿಗೆ ಬಿಡುವೇ ಇರುವುದಿಲ್ಲ. ಎಲ್ಲರೂ ಕೇಳುವುದು ಒಂದೇ, "ಅಕ್ಕೋರೆ, ಸೈನ್ಸ್ ಕೊಡಿಸೋದಾ, ಕಾಮರ್ಸ್ ಕೊಡಿಸೋದಾ?" ಆರ್ಟ್ಸ್ ಹೆಸರು ಎತ್ತಿದರೆ ಮಾತು ನಿಲ್ಲುತ್ತದೆ. ಐಟಿಐ ಅಂದರೆ "ನಮ್ಮ ಹುಡುಗ ಅಷ್ಟೇನೂ ದಡ್ಡ ಅಲ್ಲ" ಅನ್ನುತ್ತಾರೆ. ಇದನ್ನು ಕೇಳಿ ಕೇಳಿ ಬೇಜಾರಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳನ್ನೇ ಕೇಳೋಣ ಅಂದರೆ ಅವರ ಉತ್ತರವೂ ಅವರದ್ದಲ್ಲ. ಪಕ್ಕದ ಮನೆ ಅಣ್ಣ ಏನು ತಗೊಂಡನೋ ಅದು, ಇಲ್ಲಾ ಗೆಳತಿ ಎಲ್ಲಿ ಸೇರಿದಳೋ ಅಲ್ಲಿ. ಅವರನ್ನು ಬೈದು ಏನು ಪ್ರಯೋಜನ? ಒಬ್ಬ ಲ್ಯಾಬ್ ಟೆಕ್ನೀಷಿಯನ್ ಬೆಳಿಗ್ಗೆಯಿಂದ ಸಂಜೆ ತನಕ ಏನು ಮಾಡುತ್ತಾನೆ, ಸರ್ವೇಯರ್ ಕೆಲಸ ಹೇಗಿರುತ್ತದೆ, ಬೋಟಿನ ಎಂಜಿನ್ ರಿಪೇರಿ ಮಾಡುವವರು ಅದನ್ನು ಎಲ್ಲಿ ಕಲಿತರು, ಇದನ್ನೆಲ್ಲ ಯಾರೂ ಅವರಿಗೆ ತೋರಿಸಿಲ್ಲ.

ನಮ್ಮ ಶಾಲೆಯ ಎಷ್ಟೋ ಮಕ್ಕಳ ಮನೆಯವರು ಅಘನಾಶಿನಿ ಅಳಿವೆಯಲ್ಲಿ ಬಳಚು, ಅಂದರೆ ಕೆಸರಿನ ಚಿಪ್ಪುಜೀವಿ, ತೆಗೆಯುತ್ತಾರೆ. ನೀರು ಇಳಿದಾಗ ಹೋಗಬೇಕು, ಏರುವ ಮೊದಲು ಬರಬೇಕು. ಇವತ್ತು ಇಳಿತ ಎಷ್ಟು ಗಂಟೆಗೆ ಅಂದರೆ ಸಣ್ಣ ಹುಡುಗಿಯೂ ತಿಥಿ ಲೆಕ್ಕ ಹಾಕಿ ಹೇಳುತ್ತಾಳೆ. ಅದೇ ಹುಡುಗಿ ಉಬ್ಬರವಿಳಿತಕ್ಕೆ ಕಾರಣ ಏನು ಅನ್ನುವ ಪ್ರಶ್ನೆಗೆ ಗೈಡ್ ಇಟ್ಟುಕೊಂಡು ಬಾಯಿಪಾಠ ಮಾಡುತ್ತಾಳೆ! ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಮಕ್ಕಳಿಗೆ ಅದು ಜಿಕೆ ಪ್ರಶ್ನೆಯಾಗಿ ಗೊತ್ತು. ತಾವು ದಿನಾ ಕಾಲಿಡುವ ಕೆಸರೇ ಅದು, ಅಲ್ಲಿನ ಮೀನು, ಬಳಚು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಭತ್ತ ಇವನ್ನೇ ಓದಿ, ಅದೇ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವ ಜನ ಇದ್ದಾರೆ ಅನ್ನುವುದು ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಬುದ್ಧಿಯನ್ನು ನಾವೇ ಕಲಿಸಿದ್ದೇವೆ ಅನಿಸುತ್ತದೆ.

ಕೋರ್ಸಿನ ಪಟ್ಟಿ ಹಂಚಿದರೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಹುಡುಗರು ಕೆಲಸವನ್ನು ಕಣ್ಣಾರೆ ನೋಡಬೇಕು, ಸ್ವಲ್ಪವಾದರೂ ಕೈ ಹಾಕಬೇಕು, ಆಮೇಲೆ ಅನುಮಾನ ಬಂದರೆ ಕೇಳಲು ಒಬ್ಬರು ಇರಬೇಕು. ಇಷ್ಟಾದರೆ ಮುಂದೆ ಪ್ರಪಂಚ ಹೇಗೇ ಬದಲಾದರೂ ಅವರು ದಾರಿ ಹುಡುಕಿಕೊಳ್ಳುತ್ತಾರೆ. ನೀವೆಲ್ಲ ಬೇರೆ ಬೇರೆ ಕೆಲಸದಲ್ಲಿ ಇದ್ದೀರಿ. ನಿಮಗೆ ಆ ವಯಸ್ಸಿನಲ್ಲಿ ಯಾವುದು ಉಪಯೋಗಕ್ಕೆ ಬಂತು? ಈಗ ಇಲ್ಲಿ ಏನು ಮಾಡಬಹುದು? ದಯವಿಟ್ಟು ಬಿಡಿಸಿ ಬರೆಯಿರಿ.

ತೋಟದ ಮನೆ, ಶಿರಸಿ

ಅಕ್ಕೋರೆ, ನಿಮ್ಮ ಮಾತಿಗೆ ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ.

ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆಯುವುದು ನಿಮಗೆ ಗೊತ್ತಲ್ಲ. 50 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದು ಡ್ರಮ್ಮಿನಲ್ಲಿ 50 ಲೀಟರಿಗೆ 1 ಕೆಜಿ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಮಾಡಬಾರದು. ಒಬ್ಬರು ಹೊಯ್ಯುತ್ತಿದ್ದರೆ ಇನ್ನೊಬ್ಬರು ಕೋಲು ಹಿಡಿದು ಕಲಕುತ್ತಲೇ ಇರಬೇಕು. ಕಡೆಗೆ ನಮ್ಮ ಅಪ್ಪ ತಿಕ್ಕಿ ಬೆಳಗಿದ ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಚಾಕಿಗೆ ಕೆಂಪು ಹತ್ತಿದರೆ ಸುಣ್ಣ ಸಾಲಲಿಲ್ಲ ಅಂತ ಅರ್ಥ, ಮತ್ತೆ ಸುಣ್ಣದ ನೀರು ಹಾಕಬೇಕು. ಇಲ್ಲದಿದ್ದರೆ ಎಳೆ ಕಾಯಿ ಸುಟ್ಟುಹೋಗುತ್ತದೆ.

ಈ ಸಲ ಕಲಕಲು ನಿಂತದ್ದು ತಮ್ಮನ ಮಗ, ಹತ್ತನೇ ಕ್ಲಾಸು. ಚಾಕು ಕೆಂಪಾದದ್ದು ನೋಡಿದವನೇ "ಅಜ್ಜಾ, ಇದು ನಮ್ಮ ಪುಸ್ತಕದ ಮೊದಲನೇ ಪಾಠ" ಅಂದ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಹಾಕುವ ಪ್ರಯೋಗ ಇದೆಯಂತೆ. ಮೊಳೆಯ ಮೇಲೆ ಕೂರುವುದು ತಾಮ್ರ, ಅದರ ಜಾಗಕ್ಕೆ ಕಬ್ಬಿಣ ನೀರಿಗೆ ಹೋಗುತ್ತದೆ ಅಂತ ಅಜ್ಜನಿಗೆ ವಿವರಿಸಿದ. ಅಪ್ಪನಿಗೆ ಚಾಕು ಕೆಂಪಾಗಬಾರದು ಅನ್ನುವುದು ಗೊತ್ತಿತ್ತು, ಯಾಕೆ ಅನ್ನುವುದು ಗೊತ್ತಿರಲಿಲ್ಲ. ಹುಡುಗನಿಗೆ ಯಾಕೆ ಅನ್ನುವುದು ಗೊತ್ತಿತ್ತು, ಅದನ್ನು ಎಲ್ಲಿ ಬಳಸುತ್ತಾರೆ ಅನ್ನುವುದು ಗೊತ್ತಿರಲಿಲ್ಲ. ಮಾರನೇ ದಿನ ಪೇಟೆಗೆ ಹೋಗಿ ಲಿಟ್ಮಸ್ ಕಾಗದ ತಂದ. ಈಗ ತೂಕ, ಅಳತೆ, ಪರೀಕ್ಷೆ ಎಲ್ಲ ಅವನದ್ದೇ. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಯಾಕೆ ಪೂರ್ತಿ ಮದ್ದು ಸಿಕ್ಕಿಲ್ಲ ಅಂತ ಕೇಳಿ ಕೇಳಿ ನಮ್ಮ ತಲೆ ತಿನ್ನುತ್ತಾನೆ. ತಿನ್ನಲಿ, ಖುಷಿಯೇ.

ಇನ್ನೊಂದು ವಿಷಯ. ಸಿಇಟಿಯಲ್ಲಿ ಕೃಷಿಕರ ಕೋಟಾದಿಂದ ಬಿಎಸ್ಸಿ ಅಗ್ರಿ, ತೋಟಗಾರಿಕೆ, ಅರಣ್ಯಶಾಸ್ತ್ರ ಸೇರುವವರಿಗೆ ಪ್ರಾಯೋಗಿಕ ಪರೀಕ್ಷೆ ಬೇರೆ ಇರುತ್ತದೆ. ತೋಟ ಗದ್ದೆಯಲ್ಲಿ ಓಡಾಡಿದ ಮಕ್ಕಳಿಗೆ ಅದು ಕಷ್ಟ ಅಲ್ಲ. ಅರಣ್ಯ ಕಾಲೇಜು ಶಿರಸಿಯಲ್ಲೇ ಇದೆ. ಆದರೂ ಎಷ್ಟೋ ಮನೆಯವರಿಗೆ ಇದು ಪಿಯುಸಿ ಮುಗಿದ ಮೇಲೇ ಗೊತ್ತಾಗುತ್ತದೆ.

ಒಂದು ನೋವಿನ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಕೇರಿಯಲ್ಲಿ ಈಗ ಉಳಿದದ್ದು ವಯಸ್ಸಾದವರೇ. ಓದಿಸಿದ್ದು ಊರು ಬಿಡಿಸಲಿಕ್ಕೇನಾ ಅನಿಸುತ್ತದೆ ಕೆಲವು ಸಲ.

ಹೊನ್ನಾವರ ಟು ಬೆಂಗಳೂರು

ತೋಟದ ಮನೆ ಅಣ್ಣ, ನಿಮ್ಮ ನೋವು ಅರ್ಥವಾಗುತ್ತದೆ, ನಮ್ಮ ಮನೆಯಲ್ಲೂ ಅದೇ ಕತೆ. ಆದರೆ ಹೋಗುವವರನ್ನು ತಪ್ಪಿತಸ್ಥರ ಹಾಗೆ ನೋಡಬಾರದು. ನಮ್ಮ ಕಡೆಯವರು ಮುಂಬೈ, ಗೋವಾಕ್ಕೆ ಮೊದಲಿಂದ ಹೋಗುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆ ಹೋಗುವುದು ಸುಲಭವಾಯಿತು, ಅಷ್ಟೇ. ಹೋಗಲಿ ಬಿಡಲಿ, ಹುಡುಗರ ಕೈಯಲ್ಲಿ ಏನಾದರೂ ಇರಬೇಕು ಅನ್ನುವುದು ಮುಖ್ಯ ಅಲ್ವಾ?

ನಾನು ಹತ್ತರವರೆಗೆ ಕನ್ನಡ ಮೀಡಿಯಂ. ಎಂಜಿನಿಯರಿಂಗ್ ಸೇರಿದಾಗ ಪಾಠ ಅರ್ಥವಾಗದಿದ್ದರೆ ಎದ್ದು ನಿಂತು ಕೇಳುವುದಕ್ಕೆ ಬಾಯಿ ಬರುತ್ತಿರಲಿಲ್ಲ. ಬುದ್ಧಿ ಇರಲಿಲ್ಲ ಅಂತಲ್ಲ, ಕೇಳುವ ಅಭ್ಯಾಸವನ್ನೇ ಯಾರೂ ಮಾಡಿಸಿರಲಿಲ್ಲ. ಆಗ ಕೈ ಹಿಡಿದದ್ದು ಎನ್‌ಪಿಟಿಇಎಲ್ ವಿಡಿಯೋಗಳು, ಐಐಟಿ ಪ್ರೊಫೆಸರುಗಳ ಪಾಠ, ದುಡ್ಡಿಲ್ಲ. ಒಂದೇ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆ. ನಮ್ಮ ಮಕ್ಕಳಿಗೆ ಇದನ್ನು ಎಂಟನೇ ಕ್ಲಾಸಿನಿಂದಲೇ ಹೇಳಿಕೊಡಿ. ಬೇಕಾದ್ದನ್ನು ತಾನೇ ಹುಡುಕಿ, ಅರ್ಥವಾಗುವ ತನಕ ಬಿಡದೆ ಕೂರುವ ಅಭ್ಯಾಸ ಇದ್ದರೆ ಯಾವ ಕೆಲಸಕ್ಕೂ ಹೊಂದಿಕೊಳ್ಳಬಹುದು.

ಎಐ ಬಗ್ಗೆ ಒಂದು ಮಾತು, ಯಾಕೆಂದರೆ ಊರಿಗೆ ಬಂದಾಗಲೆಲ್ಲ "ನಿಮ್ಮ ಕೆಲಸ ಇನ್ನು ಇರುತ್ತದಾ?" ಅಂತ ಕೇಳುತ್ತಾರೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದಮೇಲೆ ನಮ್ಮಲ್ಲಿ ಕೆಲಸದ ರೀತಿ ಬದಲಾಗಿದೆ, ಸುಳ್ಳು ಹೇಳುವುದಿಲ್ಲ. ಮೊದಲು ಹೊಸದಾಗಿ ಸೇರಿದವರು ಮಾಡುತ್ತಿದ್ದ ಸಣ್ಣಪುಟ್ಟ ಕೋಡ್ ಈಗ ಯಂತ್ರವೇ ಬರೆದುಕೊಡುತ್ತದೆ. ಆದರೆ ಅದು ಬರೆದದ್ದನ್ನು ಓದಿ "ಇದು ಇಲ್ಲಿ ತಪ್ಪು" ಅನ್ನುವ ಹುಡುಗ ಹುಡುಗಿಯರು ಬೇಕೇ ಬೇಕು. ತಪ್ಪು ಹಿಡಿಯಬೇಕಾದರೆ ಮೂಲ ವಿಷಯ ಗಟ್ಟಿ ಇರಬೇಕು. ಹಾಗಾಗಿ ಮಕ್ಕಳು ಅದರ ಹತ್ತಿರ ಉತ್ತರ ಕೇಳಿ ನೋಟ್‌ಬುಕ್ಕಿಗೆ ಇಳಿಸಿದರೆ ನಷ್ಟ ಅವರಿಗೇ. ಮೊದಲು ತಾವು ಲೆಕ್ಕ ಮಾಡಿ, ಆಮೇಲೆ "ನಾನು ಎಲ್ಲಿ ತಪ್ಪಿದೆ" ಅಂತ ಕೇಳಲಿ. ಅದು ಹೇಳಿದ್ದನ್ನು ಪುಸ್ತಕದ ಜೊತೆ ತಾಳೆ ನೋಡಲಿ. ಎಷ್ಟೋ ಸಲ ಅದು ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ.

ವಿಜ್ಞಾನದ ಅಕ್ಕೋರು, ಕುಮಟಾ

ಇದು ನನಗೂ ಎದುರಾಗಿದೆ. ಹೋಮ್‌ವರ್ಕಿನಲ್ಲಿ ದಿಢೀರನೆ ಪುಸ್ತಕದ ಕನ್ನಡಕ್ಕಿಂತ ದೊಡ್ಡ ಕನ್ನಡ ಬಂದರೆ ಗೊತ್ತಾಗಿಬಿಡುತ್ತದೆ. ನಾನು ಬೈಯುವುದಿಲ್ಲ. "ಬಾ, ಬೋರ್ಡಿನ ಹತ್ತಿರ ನಿಂತು ನಿನ್ನ ಮಾತಿನಲ್ಲಿ ಹೇಳು" ಅನ್ನುತ್ತೇನೆ. ಹೇಳಿದರೆ ಸರಿ, ಕಲಿತಿದ್ದಾನೆ ಅಂತಾಯಿತು, ಎಲ್ಲಿಂದ ಕಲಿತರೇನು. ಹೇಳಲು ಬಾರದಿದ್ದರೆ ಇಬ್ಬರೂ ಕೂತು ಮತ್ತೆ ನೋಡುತ್ತೇವೆ.

ಅಂಕೋಲೆಯ ಅಮ್ಮ

ನಮ್ಮ ಮನೆಯಲ್ಲಿ ಏಳನೇ ಕ್ಲಾಸಿನ ಮೇಲೆ ಓದಿದವರು ಯಾರೂ ಇಲ್ಲ, ಮಗಳೇ ಮೊದಲು. ಅವಳಿಗೆ ನರ್ಸ್ ಆಗುವ ಆಸೆ. ಪಿಯುಸಿಗೆ ಕಾಮರ್ಸ್ ಸುಲಭ ಅಂತ ಎಲ್ಲರೂ ಹೇಳಿದರು, ಅರ್ಜಿಯನ್ನೂ ತಂದಿದ್ದೆವು. ನಮ್ಮೂರಿನ ಒಂದು ಹುಡುಗಿ ಮಂಗಳೂರಿನಲ್ಲಿ ನರ್ಸ್. ಅವಳಿಗೆ ಫೋನ್ ಮಾಡಿಸಿದೆ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಅದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು, ಕಾಮರ್ಸ್ ತಗೊಂಡರೆ ಆ ದಾರಿ ಅಲ್ಲಿಗೇ ಮುಚ್ಚುತ್ತದೆ ಅಂದಳು. ಜಿಎನ್ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷದ್ದು ಬೇರೆ ಅಂತಲೂ ಹೇಳಿದಳು. ರಾತ್ರಿ ಪಾಳಿ ಹೇಗಿರುತ್ತದೆ, ಹಾಸ್ಟೆಲ್ಲಿಗೆ ಎಷ್ಟು, ಎಲ್ಲ ಬಿಡಿಸಿ ಹೇಳಿದಳು. ಆ ಒಂದು ಫೋನ್ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಕೇಳಲು ಒಬ್ಬರು ಇರಬೇಕು ಅಂತ ಅಕ್ಕೋರು ಬರೆದದ್ದು ಎಷ್ಟು ನಿಜ.

ಹೆಣ್ಣುಮಕ್ಕಳ ವಿಷಯದಲ್ಲಿ ಬಸ್ಸಿನ ಮಾತೂ ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿಗೆ ದುಡ್ಡು ಕೊಡಬೇಕಾಗಿಲ್ಲ, ಅದರಿಂದ ದೊಡ್ಡ ಉಪಕಾರವಾಗಿದೆ. ಆದರೆ ನಮ್ಮ ಒಳಗಿನ ಊರುಗಳಿಗೆ ಬಸ್ಸೇ ಕಡಿಮೆ. ಸಂಜೆಯ ಬಸ್ಸು ತಪ್ಪಿದರೆ ಮಗಳು ಎಲ್ಲಿ ನಿಲ್ಲಬೇಕು? ಕಂಪ್ಯೂಟರ್ ಕ್ಲಾಸು, ಸ್ಪೆಷಲ್ ಕ್ಲಾಸು ಎಲ್ಲ ಸಂಜೆಯೇ ಇಡುತ್ತಾರೆ. ಮಳೆಗಾಲವಂತೂ ಕೇಳುವುದೇ ಬೇಡ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಆಮೇಲೆ ಜೋರು ಮಳೆ ಬಂದರೆ ಮಗಳು ಮನೆಗೆ ಬರುವ ತನಕ ಊಟ ಸೇರುವುದಿಲ್ಲ. ದೊಡ್ಡ ದೊಡ್ಡ ಯೋಜನೆ ಮಾಡುವವರು ಮೊದಲು ಬಸ್ಸಿನ ಟೈಮ್ ನೋಡಲಿ.

ಫಿಟ್ಟರ್, ಕಾರವಾರ

ಐಟಿಐ ಅಂದರೆ ದಡ್ಡರಿಗೆ ಅನ್ನುವವರಿಗೆ ಉತ್ತರ ಕೊಡಲೇಬೇಕು. ನಾನು ಐಟಿಐ ಫಿಟ್ಟರ್. ನಮ್ಮ ಕೆಲಸದಲ್ಲಿ ವರ್ನಿಯರ್, ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಭಾಗ ಅಳೆಯುತ್ತೇವೆ. ಒಂದು ಶಾಫ್ಟ್ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೆ ಬೇರಿಂಗ್ ಕೂರುವುದಿಲ್ಲ. ಕೂರದ ಬೇರಿಂಗನ್ನು ಹೊಡೆದು ಕೂರಿಸಿದರೆ ಎಂಜಿನ್ ಬಿಸಿಯಾಗಿ ಕೆಲಸವೇ ಕೆಡುತ್ತದೆ. ಇದಕ್ಕೆ ತಲೆ ಬೇಡವಾ?

ದಾರಿ ಅಲ್ಲಿಗೇ ನಿಲ್ಲುವುದೂ ಇಲ್ಲ. ಎರಡು ವರ್ಷದ ಐಟಿಐ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷ. ಸರ್ಕಾರಿ ಪಾಲಿಟೆಕ್ನಿಕ್ಕೂ ಎಂಜಿನಿಯರಿಂಗ್ ಕಾಲೇಜೂ ಕಾರವಾರದಲ್ಲೇ ಇವೆ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರ ಬಂದಿವೆ, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ, ರೋಬೋಟ್ ಎಲ್ಲ. ಹಳೆಯ ಐಟಿಐ ನೆನಪಿಟ್ಟುಕೊಂಡು ಮಾತಾಡುವವರು ಒಮ್ಮೆ ಹೋಗಿ ನೋಡಿ ಬರಲಿ.

ನಮ್ಮ ಹುಡುಗರು ಬೆಳಿಗ್ಗೆ ಎದ್ದು ಗೋವಾದ ಕಾರ್ಖಾನೆಗಳಿಗೆ ಓಡುತ್ತಾರೆ. ಓಡಲಿ, ಆದರೆ ಕೈಯಲ್ಲಿ ಒಂದು ಟ್ರೇಡ್ ಇಟ್ಟುಕೊಂಡು ಓಡಿದವನಿಗೂ ಸುಮ್ನೆ ಹೆಲ್ಪರ್ ಆಗಿ ಸೇರಿದವನಿಗೂ ಐದು ವರ್ಷದಲ್ಲಿ ಅಜಗಜಾಂತರ. ಇಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ, ಅರ್ಗಾದ ನೌಕಾನೆಲೆಯಲ್ಲಿ ಶಿಪ್ ರಿಪೇರಿ ಯಾರ್ಡ್ ಇದೆ. ಎರಡೂ ಕಡೆ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತಾರೆ. ಸ್ಟೈಪೆಂಡ್ ಸಿಗುತ್ತದೆ, ಕೆಲಸ ಕಲಿಯುತ್ತಾರೆ, ಕೊನೆಗೆ ಪರೀಕ್ಷೆ ಪಾಸಾದರೆ ದೇಶದಲ್ಲೆಲ್ಲ ನಡೆಯುವ ಸರ್ಟಿಫಿಕೇಟ್. ಅಪ್ರೆಂಟಿಸ್ ಆದಮೇಲೆ ಅಲ್ಲೇ ನೌಕರಿ ಖಾತ್ರಿ ಅಂತ ಯಾರಾದರೂ ಹೇಳಿ ದುಡ್ಡು ಕೇಳಿದರೆ ನಂಬಬೇಡಿ. ಖಾತ್ರಿ ಇಲ್ಲ, ದುಡ್ಡೂ ಕೊಡಬೇಕಾಗಿಲ್ಲ.

ಬೈತಖೋಲದ ಹುಡುಗ

ನಾನು ಈ ವರ್ಷ ಹತ್ತನೇ. ಅಪ್ಪ ಮೀನಿನ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟ್ ನಡೆಸುವವರು. ನನಗೆ ಸಮುದ್ರವೇ ಇಷ್ಟ. ಆದರೆ ಮನೆಯಲ್ಲಿ "ಮೀನು ಕಡಿಮೆಯಾಗಿದೆ, ಈ ಕಸುಬು ನಿನಗೆ ಬೇಡ, ಆಫೀಸ್ ಕೆಲಸ ನೋಡು" ಅನ್ನುತ್ತಾರೆ. ಸಮುದ್ರದ್ದೇ ಓದು ಇದೆಯಾ?

ಕಡಲ ಜೀವಶಾಸ್ತ್ರ, ಕೋಡಿಬಾಗ

ತಮಾ, ಇದೆ. ಧಾರಾಳವಾಗಿ ಇದೆ. ನಾನು ಓದಿದ್ದೇ ಅದು, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದಲ್ಲೇ ಇದೆ, ನಿಮ್ಮ ಮನೆಯಿಂದ ದೂರ ಇಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಅಲ್ಲಿ ಬಿಎಫ್ಎಸ್ಸಿ ಅಂತ ನಾಲ್ಕು ವರ್ಷದ ಡಿಗ್ರಿ. ಎರಡಕ್ಕೂ ಪಿಯುಸಿಯಲ್ಲಿ ಬಯಾಲಜಿ ಇರುವ ಸೈನ್ಸ್ ತಗೊಂಡರೆ ಒಳ್ಳೆಯದು.

ನಿಮ್ಮ ಅಪ್ಪನ ಬೋಟಿನಲ್ಲೇ ಎಷ್ಟು ವಿಜ್ಞಾನ ಇದೆ ನೋಡು. ಫಿಶ್ ಫೈಂಡರ್ ನೀರಿನೊಳಗೆ ಸದ್ದು ಬಿಟ್ಟು, ಅದು ಮರಳಿ ಬರುವ ಹೊತ್ತಿನಿಂದ ಆಳ ಲೆಕ್ಕ ಹಾಕುತ್ತದೆ. ಹೈದರಾಬಾದಿನಲ್ಲಿ ಇನ್‌ಕಾಯಿಸ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಉಪಗ್ರಹದಿಂದ ಸಮುದ್ರದ ಮೇಲ್ಮೈಯ ಬಿಸಿ ಎಷ್ಟು, ನೀರಿನಲ್ಲಿ ಹಸಿರು ಪಾಚಿಯ ಅಂಶ ಎಲ್ಲಿ ಜಾಸ್ತಿ ಅಂತ ನೋಡಿ, ಮೀನು ಸಿಗಬಹುದಾದ ಜಾಗ ಯಾವುದು, ದಡದಿಂದ ಎಷ್ಟು ದೂರ ಅಂತ ತಿಳಿಸುತ್ತಾರೆ. ಪಾಚಿ ಇದ್ದಲ್ಲಿ ಅದನ್ನು ತಿನ್ನುವ ಸಣ್ಣ ಜೀವಿಗಳು, ಅವು ಇದ್ದಲ್ಲಿ ತಾರ್ಲೆ, ಬಂಗಡೆ. ಕನ್ನಡದಲ್ಲೂ ಬರುತ್ತದೆ, ದುಡ್ಡಿಲ್ಲ. ಒಂದು ಕೆಲಸ ಮಾಡು. ಆ ಮಾಹಿತಿ ದಿನಾ ಬರೆದಿಡು, ಪಕ್ಕದಲ್ಲಿ ಅಪ್ಪ ಎಲ್ಲಿ ಬಲೆ ಹಾಕಿದರು, ಏನು ಸಿಕ್ಕಿತು ಅಂತ ಬರೆ. ಒಂದು ಸೀಸನ್ ಬರೆದರೆ ಅದು ಯಾವ ಪ್ರಾಜೆಕ್ಟಿಗೂ ಕಮ್ಮಿ ಇಲ್ಲ. ಅಪ್ಪನಿಗೆ ಗಾಳಿ, ನೀರಿನ ಬಣ್ಣ, ಹಕ್ಕಿ ನೋಡಿ ಗೊತ್ತಾಗುವುದನ್ನೂ ಬರೆ, ಅದನ್ನು ಬಿಡಬೇಡ.

ಮೀನು ಕಡಿಮೆಯಾಗಿದೆ ಅಂತ ಅಪ್ಪ ಹೆದರುವುದರಲ್ಲಿ ಅರ್ಥ ಇದೆ. ಅದಕ್ಕೇ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮೀನು ಯಾಕೆ ಕಡಿಮೆಯಾಯಿತು, ಮರಿ ಮೀನು ಉಳಿಸುವುದು ಹೇಗೆ ಅಂತ ನೋಡುವವರು ಮೀನುಗಾರರ ಮನೆಯಿಂದಲೇ ಬರಬೇಕು ಅಂತ ನನಗೆ ತುಂಬಾ ಆಸೆ. ನಿಮ್ಮ ಮಾತನ್ನು ಬೋಟು ನಿಲ್ಲುವ ದಕ್ಕೆಯಲ್ಲಿ ಎಲ್ಲರೂ ಕೇಳುತ್ತಾರೆ. ನಾವು ಹೊರಗಿನಿಂದ ಬಂದು ಹೇಳಿದರೆ ಅಷ್ಟು ಕೇಳುವುದಿಲ್ಲ.

ನಿವೃತ್ತ ಮಾಸ್ತರ್, ಅಂಕೋಲಾ

ಓದುತ್ತಾ ಹಳೆಯ ನೆನಪು ಬಂತು. ನಮ್ಮ ಕಾಲದಲ್ಲಿ ಹೈಸ್ಕೂಲೇ ದೂರ. ದಿನಕರ ದೇಸಾಯರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಬಡವರ ಮಕ್ಕಳು ನಡೆದು ಹೋಗುವಷ್ಟು ಹತ್ತಿರಕ್ಕೆ ಹೈಸ್ಕೂಲು ತಂದರು. ಆಗಿನ ಕೊರತೆ ಶಾಲೆ, ಅದನ್ನು ಅವರು ಕಂಡುಹಿಡಿದು ತುಂಬಿದರು. ಈಗ ಶಾಲೆ ಇದೆ, ಕಾಲೇಜಿದೆ. ಈಗಿನ ಕೊರತೆ ಅಕ್ಕೋರು ಹೇಳಿದ್ದೇ, ತೋರಿಸುವವರು, ಜೊತೆಗೆ ನಿಲ್ಲುವವರು. ಇದಕ್ಕೆ ಕಟ್ಟಡ ಬೇಡ, ಕೋಟಿ ರೂಪಾಯಿ ಬೇಡ.

ನಮ್ಮ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯದೆ ಇರಲಾರೆ. ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ದುಡಿದು, ಯಾವ ಮರದಿಂದ ಬೀಜ ಆರಿಸಬೇಕು, ಯಾವಾಗ ಆರಿಸಬೇಕು ಅಂತ ಬಲ್ಲವರಾದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಹಾಗೆ ಬಲ್ಲವರು ಈಗಲೂ ನಮ್ಮ ಹಾಲಕ್ಕಿ ಕೊಪ್ಪಗಳಲ್ಲಿ, ಸಿದ್ದಿಯರ ಮನೆಗಳಲ್ಲಿ, ಕುಣಬಿಯರಲ್ಲಿ ಇದ್ದಾರೆ. ಅವರು ಇರುವಾಗಲೇ ನಮ್ಮ ಮಕ್ಕಳು ಅವರ ಜೊತೆ ಕಾಡಿನಲ್ಲಿ ನಡೆಯಬೇಕು, ಬರೆದುಕೊಳ್ಳಬೇಕು.

ಪಂಚಾಯ್ತಿ ಗ್ರಂಥಾಲಯ, ಸಿದ್ದಾಪುರ

ಮಾಸ್ತರ್ರೆ, ಜಾಗ ನಮ್ಮಲ್ಲಿದೆ. 2020ರಲ್ಲಿ ಓದುವ ಬೆಳಕು ಕಾರ್ಯಕ್ರಮ ಬಂದಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯ್ತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಈಗ ಅರಿವು ಕೇಂದ್ರ ಅನ್ನುತ್ತಾರೆ. ನಮ್ಮಲ್ಲಿ ಕಂಪ್ಯೂಟರೂ ಇದೆ. ಮಕ್ಕಳು ಬರುತ್ತಾರೆ, ಕೇಳುತ್ತಾರೆ, ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಬೆಂಗಳೂರಿನ ತಮ್ಮ, ನೀವು ತಿಂಗಳಿಗೊಮ್ಮೆ ವಿಡಿಯೋ ಕಾಲ್‌ನಲ್ಲಿ ಬರುತ್ತೀರಾ? ನೆಟ್‌ವರ್ಕ್ ಕೈಕೊಟ್ಟರೆ ಬೈಯಬೇಡಿ, ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ರೂ ಹೋಗುತ್ತದೆ.

ಹೊನ್ನಾವರ ಟು ಬೆಂಗಳೂರು

ಖಂಡಿತ ಬರುತ್ತೇನೆ ಅಕ್ಕ. ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಮಕ್ಕಳು ಪ್ರಶ್ನೆಗಳನ್ನು ಮೊದಲೇ ಕಾಗದದಲ್ಲಿ ಬರೆದು ಫೋಟೋ ಕಳಿಸಲಿ. ಕರೆಂಟ್ ಹೋದರೂ ಉತ್ತರ ರೆಕಾರ್ಡ್ ಮಾಡಿ ಕಳಿಸುತ್ತೇನೆ.

ವಿಜ್ಞಾನದ ಅಕ್ಕೋರು, ಕುಮಟಾ

ಎಲ್ಲರ ಉತ್ತರ ಓದಿ ಮನಸ್ಸು ತುಂಬಿತು. ಹೆಡ್‌ಮಾಸ್ತರ ಹತ್ತಿರ ಮಾತಾಡಿದೆ, ಒಂಬತ್ತನೇ ಕ್ಲಾಸಿನವರಿಂದ ಶುರು ಮಾಡುತ್ತೇವೆ. ಹತ್ತನೆಯವರಿಗೆ ಪರೀಕ್ಷೆಯ ಒತ್ತಡ, ಅಷ್ಟು ಹೊತ್ತಿಗೆ ತಡವೂ ಆಗಿರುತ್ತದೆ. ಐದಾರು ಮಕ್ಕಳ ಗುಂಪು, ಒಬ್ಬರ ಕೆಲಸದ ಜಾಗಕ್ಕೆ ಹೋಗಿ ಅರ್ಧ ದಿನ ಇರುವುದು, ಬಂದು ಬೋರ್ಡಿನ ಹತ್ತಿರ ನಿಂತು ಹೇಳುವುದು. ಸಂಜೆ ಬಸ್ಸಿನ ಮೊದಲೇ ಎಲ್ಲ ಮುಗಿಯಬೇಕು, ಅಂಕೋಲೆಯ ಅಮ್ಮನ ಮಾತು ನೆನಪಿದೆ. ತೋಟದ ಮನೆಯವರೆ, ಮಳೆಗಾಲದಲ್ಲಿ ಬೋರ್ಡೋ ಮಾಡುವ ದಿನ ತಿಳಿಸಿ. ನಿಮ್ಮ ತಮ್ಮನ ಮಗನೇ ನಮ್ಮ ಮಕ್ಕಳಿಗೆ ವಿವರಿಸಲಿ. ಫಿಟ್ಟರ್ ಅಣ್ಣ, ಹೋದ ವರ್ಷ ಐಟಿಐ ಮುಗಿಸಿದ ನಮ್ಮ ಹಳೆಯ ವಿದ್ಯಾರ್ಥಿಗಳು ಮನೆಯಲ್ಲೇ ಕೂತಿದ್ದಾರೆ, ಅಪ್ರೆಂಟಿಸ್ ಅರ್ಜಿಗೆ ಏನೇನು ಬೇಕು?

ಫಿಟ್ಟರ್, ಕಾರವಾರ

ಅಕ್ಕೋರೆ, ಮೊದಲು ಸರ್ಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲಿ. ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಐಟಿಐ ಸರ್ಟಿಫಿಕೇಟ್, ಅವರದ್ದೇ ಹೆಸರಿನ ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಲಿ. ಆಧಾರ್ ಮತ್ತು ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಒಂದೇ ಥರ ಇದೆಯಾ ಅಂತ ಈಗಲೇ ನೋಡಿಸಿ, ಎಷ್ಟೋ ಅರ್ಜಿ ನಿಲ್ಲುವುದು ಅಲ್ಲೇ. ಭಾನುವಾರ ನನಗೆ ರಜೆ, ಹುಡುಗರನ್ನು ಕಾರವಾರಕ್ಕೆ ಕಳಿಸಿ, ಜೊತೆಗೆ ಕೂತು ಅರ್ಜಿ ತುಂಬಿಸಿಕೊಡುತ್ತೇನೆ.